‘ಮಾತ್ರ’ ಎಂಬ ಸಣ್ಣ ಪದ

ನಮ್ಮ ಸಂವಿಧಾನದ 16ನೇ ವಿಧಿಯ ಎರಡನೇ ಉಪವಿಧಿಯಲ್ಲಿ ಒಂದು ಸಣ್ಣ ಪದವಿದೆ. ಸರ್ಕಾರಿ ಉದ್ಯೋಗದ ವಿಷಯದಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಹುಟ್ಟಿದ ಊರು, ವಾಸಸ್ಥಳ, ಇವುಗಳ ಕಾರಣದಿಂದ ‘ಮಾತ್ರ’ ಯಾವ ನಾಗರಿಕರನ್ನೂ ಅನರ್ಹರೆನ್ನುವಂತಿಲ್ಲ, ಅವರ ವಿರುದ್ಧ ತಾರತಮ್ಯ ಮಾಡುವಂತಿಲ್ಲ ಎಂಬುದು ಅದರ ಸಾರ. 15ನೇ ವಿಧಿಯಲ್ಲೂ ಇದೇ ‘ಮಾತ್ರ’ ಇದೆ. ನನ್ನ ಸಂಶೋಧನೆಯ ಕ್ಷೇತ್ರ ಕಾನೂನಲ್ಲ, ನೀತಿಶಾಸ್ತ್ರ. ಒಬ್ಬರು ತಮ್ಮ ಕೃತ್ಯಕ್ಕೆ ಕೊಡುವ ಕಾರಣಕ್ಕೂ ಆ ಕೃತ್ಯದ ನೈತಿಕತೆಗೂ ಇರುವ ಸಂಬಂಧ ಏನು ಎಂಬುದು ನನ್ನನ್ನು ನಾಲ್ಕು ವರ್ಷಗಳಿಂದ ಕಾಡುತ್ತಿರುವ ಪ್ರಶ್ನೆ. ಆ ಪ್ರಶ್ನೆ ಇಟ್ಟುಕೊಂಡು ಓದುವವರಿಗೆ ಈ ‘ಮಾತ್ರ’ವನ್ನು ದಾಟಿ ಮುಂದೆ ಹೋಗುವುದು ಕಷ್ಟ.

ಮೇಲ್ನೋಟಕ್ಕೆ ಪದ ನಿರಪಾಯಕಾರಿ. ಒಬ್ಬ ಮಹಿಳೆ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದ ಕಾರಣ ಆಯ್ಕೆಯಾಗಲಿಲ್ಲ ಎನ್ನೋಣ. ಆಕೆ ಮಹಿಳೆ ಎಂಬುದು ನಿಜ, ಆಯ್ಕೆಯಾಗಲಿಲ್ಲ ಎಂಬುದೂ ನಿಜ. ಆದರೆ ಆಯ್ಕೆಯಾಗದಿರಲು ಕಾರಣ ಅಂಕ. ಇಂಥಲ್ಲಿ ತಾರತಮ್ಯದ ದೂರು ನಿಲ್ಲದಿರಲಿ ಎಂದು ‘ಮಾತ್ರ’ ಬಂದಿದೆ ಎಂದರೆ ಒಪ್ಪಬಹುದು. ತೊಂದರೆ ಬರುವುದು ಲಿಂಗದ ಜೊತೆಗೆ ಇನ್ನೊಂದು ಕಾರಣವನ್ನು ಅಂಟಿಸಿದಾಗ. ‘ನೀನು ಹೆಣ್ಣು ಎಂದು ಬೇಡ ಅನ್ನುತ್ತಿಲ್ಲ, ನೀನು ಮದುವೆಯಾದ ಹೆಣ್ಣು ಎಂದು ಬೇಡ ಅನ್ನುತ್ತಿದ್ದೇವೆ’ ಎಂದರೆ ಅದು ಲಿಂಗದ ಕಾರಣದಿಂದ ‘ಮಾತ್ರ’ ಆದ ತಾರತಮ್ಯವೇ, ಅಲ್ಲವೇ?

ಇದು ನಾನು ಕಲ್ಪಿಸಿಕೊಂಡ ಪ್ರಶ್ನೆಯಲ್ಲ. ಕೊಡಗಿನ ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆ ಸೇರಿದರು. ಆ ಸೇವೆಗೆ ಸೇರಿದ ಮೊದಲ ಮಹಿಳೆ ಅವರು. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಎಂಬ ಮುಚ್ಚಳಿಕೆ ಬರೆದುಕೊಟ್ಟೇ ಅವರು ಕೆಲಸಕ್ಕೆ ಸೇರಬೇಕಾಯಿತು. 1961ರ ಸೇವಾ ನಿಯಮಗಳಲ್ಲೂ ಇದೇ ಧೋರಣೆ ಅಚ್ಚಾಯಿತು. ಮಹಿಳಾ ಅಧಿಕಾರಿ ಮದುವೆಗೆ ಮುಂಚೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಮದುವೆಯ ನಂತರ ಆಕೆಯ ಸಂಸಾರದ ಹೊಣೆಗಳು ಕೆಲಸಕ್ಕೆ ಅಡ್ಡಿಯಾಗಬಹುದು ಎಂದು ಸರ್ಕಾರಕ್ಕೆ ಅನ್ನಿಸಿದರೆ ರಾಜೀನಾಮೆ ಕೇಳಬಹುದು. ಮದುವೆಯಾದ ಮಹಿಳೆಗೆ ಈ ಸೇವೆಗೆ ನೇಮಕವಾಗುವ ಹಕ್ಕೇ ಇಲ್ಲ ಎಂದು ಇನ್ನೊಂದು ನಿಯಮ ಹೇಳುತ್ತಿತ್ತು. ಸಂವಿಧಾನ ಜಾರಿಗೆ ಬಂದು ಹನ್ನೊಂದು ವರ್ಷಗಳ ನಂತರ ಬರೆದ ನಿಯಮಗಳಿವು.

ಮುತ್ತಮ್ಮ ಮದುವೆಯಾಗಲಿಲ್ಲ. ಆದರೂ ಮೇಲಿನ ದರ್ಜೆಯ ಬಡ್ತಿ ತಪ್ಪಿದಾಗ, ಇಡೀ ಸೇವೆಯಲ್ಲಿ ಮಹಿಳೆಯರ ಬಗ್ಗೆ ಇರುವ ಪೂರ್ವಗ್ರಹವೇ ಇದಕ್ಕೆ ಕಾರಣ ಎಂದು ಸುಪ್ರೀಂ ಕೋರ್ಟಿಗೆ ಹೋದರು. ಪ್ರಕರಣ ನಡೆಯುತ್ತಿರುವಾಗಲೇ ಸರ್ಕಾರ ಬಡ್ತಿ ಕೊಟ್ಟಿತು. ಒಂದು ನಿಯಮವನ್ನು ಆಗಲೇ ತೆಗೆದಿದ್ದೇವೆ, ಇನ್ನೊಂದನ್ನೂ ತೆಗೆಯುತ್ತಿದ್ದೇವೆ ಎಂದು ಹೇಳಿತು. ಹಾಗಾಗಿ 1979ರ ಸೆಪ್ಟೆಂಬರಿನಲ್ಲಿ ಅರ್ಜಿ ವಜಾ ಆಯಿತು. ಆದರೆ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಸುಮ್ಮನೆ ವಜಾ ಮಾಡಲಿಲ್ಲ. ಸಂಸಾರದ ಹೊಣೆ ಹೆಂಗಸಿನ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡಸಿನ ಕೆಲಸಕ್ಕೂ ಅಡ್ಡಿಯಾಗಬಹುದಲ್ಲ, ಅವನಿಗೇಕೆ ಈ ನಿಯಮವಿಲ್ಲ ಎಂದು ಕೇಳಿದರು.

ಈ ಪ್ರಶ್ನೆಯನ್ನು ನಾನು ಅದಲುಬದಲಿನ ಪರೀಕ್ಷೆ ಎಂದು ಕರೆಯುತ್ತೇನೆ. ಅದೇ ಕಾರಣವನ್ನು ಗಂಡಸಿನ ಮೇಲೆ ಇಟ್ಟು ನೋಡಿ. ಮದುವೆಯಾದ ಗಂಡಸನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲವಾದರೆ ಕಾರಣ ಮದುವೆಯಲ್ಲ, ಮದುವೆಯ ಹಿಂದೆ ನಿಂತಿರುವ ‘ಹೆಣ್ಣು’.

ಎರಡೇ ವರ್ಷಗಳ ನಂತರ, 1981ರಲ್ಲಿ, ಅದೇ ಸುಪ್ರೀಂ ಕೋರ್ಟಿನ ಇನ್ನೊಂದು ಪೀಠ ಬೇರೆ ದಾರಿ ಹಿಡಿಯಿತು. ಅದು ಏರ್ ಇಂಡಿಯಾ ಮತ್ತು ನರ್ಗೇಶ್ ಮಿರ್ಜಾ ಪ್ರಕರಣ. ಆಗಿನ ನಿಯಮದಂತೆ ಗಗನಸಖಿಯರ ಕೆಲಸ ಮುಗಿಯಲು ಮೂರು ದಾರಿಗಳಿದ್ದವು: 35 ವರ್ಷ ತುಂಬಿದರೆ, ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ, ಇಲ್ಲವೇ ಮೊದಲ ಬಾರಿ ಗರ್ಭಿಣಿಯಾದರೆ. ಇವುಗಳಲ್ಲಿ ಯಾವುದು ಮೊದಲು ಬರುತ್ತದೋ ಅದು. 35ರ ನಂತರ ಮುಂದುವರಿಸುವುದು ಮ್ಯಾನೇಜಿಂಗ್ ಡೈರೆಕ್ಟರ್ ಇಚ್ಛೆಗೆ ಬಿಟ್ಟಿದ್ದು. ಅದೇ ವಿಮಾನದೊಳಗೆ ಕೆಲಸ ಮಾಡುವ ಗಂಡಸರು, ಅಂದರೆ ಸಹಾಯಕ ಫ್ಲೈಟ್ ಪರ್ಸರ್‌ಗಳು, 58ರವರೆಗೆ ಇರಬಹುದಿತ್ತು. ಕೋರ್ಟು ಗರ್ಭಿಣಿಯನ್ನು ಕೆಲಸದಿಂದ ತೆಗೆಯುವ ನಿಯಮವನ್ನು ಕಟುವಾದ ಮಾತುಗಳಲ್ಲಿ ರದ್ದು ಮಾಡಿತು. ಮ್ಯಾನೇಜಿಂಗ್ ಡೈರೆಕ್ಟರ್‌ಗಿದ್ದ ಅಂಕೆಯಿಲ್ಲದ ಅಧಿಕಾರವನ್ನೂ ಒಪ್ಪಲಿಲ್ಲ. ಆದರೆ ನಾಲ್ಕು ವರ್ಷ ಮದುವೆಯಾಗಬಾರದು ಎಂಬ ನಿಯಮ ಸರಿ ಎಂದಿತು. ಅದರಿಂದ ಹುಡುಗಿಯ ಆರೋಗ್ಯಕ್ಕೆ ಒಳ್ಳೆಯದು, ಕುಟುಂಬ ಯೋಜನೆಗೆ ಒಳ್ಳೆಯದು, ಸಂಸ್ಥೆಗೆ ಹೊಸಬರನ್ನು ನೇಮಿಸುವ ಖರ್ಚು ಉಳಿಯುತ್ತದೆ ಎಂಬ ವಾದಗಳಿಗೆ ತೂಕ ಕೊಟ್ಟಿತು. ಗಂಡಸರ ಜೊತೆ ಹೋಲಿಕೆ ಸಲ್ಲದು, ನೇಮಕಾತಿಯ ಷರತ್ತುಗಳೇ ಬೇರೆಯಾದ್ದರಿಂದ ಅವರದು ಬೇರೆ ವರ್ಗ ಎಂದಿತು. ಕೊನೆಗೆ ‘ಮಾತ್ರ’ದ ಹತ್ತಿರ ಬಂತು: ಸಂವಿಧಾನ ತಡೆಯುವುದು ಲಿಂಗದ ಕಾರಣಕ್ಕೆ ಮಾತ್ರ ಮಾಡುವ ತಾರತಮ್ಯವನ್ನು, ಲಿಂಗದ ಜೊತೆ ಬೇರೆ ಪರಿಗಣನೆಗಳೂ ಸೇರಿದ್ದರೆ ಅದಕ್ಕೆ ತಡೆಯಿಲ್ಲ.

ಈ ತರ್ಕದಲ್ಲಿ ಒಂದು ವಿಚಿತ್ರವಿದೆ. ಲಿಂಗದ ಕಾರಣಕ್ಕೆ ಮಾತ್ರ ತಾರತಮ್ಯ ಮಾಡುವವರು ಲೋಕದಲ್ಲಿ ಎಷ್ಟು ಜನ ಸಿಗುತ್ತಾರೆ? ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬಾಡಿಗೆ ಮನೆ ಹುಡುಕಿದವರು ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡು ನೋಡಿರುತ್ತೀರಿ. ಅಲ್ಲಿ ಜಾತಿಯ ಹೆಸರಿಲ್ಲ. ಕೇಳಿದರೆ ಅಡುಗೆಯ ವಾಸನೆ, ಮನೆಯ ಶುಚಿ, ಪಕ್ಕದ ಮನೆಯವರ ಅಭ್ಯಂತರ ಎಂಬ ಕಾರಣಗಳು ಬರುತ್ತವೆ. ಎಲ್ಲವೂ ‘ಬೇರೆ ಪರಿಗಣನೆಗಳೇ’. ತಾರತಮ್ಯ ಯಾವಾಗಲೂ ಜೊತೆಗೊಂದು ಕಾರಣವನ್ನು ಕರೆದುಕೊಂಡೇ ಬರುತ್ತದೆ. ಕಾರಣವಿಲ್ಲದೆ ಬರೀ ದ್ವೇಷದಿಂದ ಬರುವ ತಾರತಮ್ಯವನ್ನಷ್ಟೇ ತಡೆಯುತ್ತೇವೆ ಎಂದರೆ ಬಾಗಿಲು ತಟ್ಟಿ ‘ನಾನು ಕಳ್ಳ’ ಎಂದು ಹೇಳಿ ಬರುವವನನ್ನು ಮಾತ್ರ ಹಿಡಿಯುತ್ತೇವೆ ಎಂದ ಹಾಗೆ.

ಎರಡು ವರ್ಷದ ಹಿಂದೆ ಒಂದು ಖಾಸಗಿ ಕಾಲೇಜಿಗೆ ಉಪನ್ಯಾಸಕಿ ಕೆಲಸದ ಸಂದರ್ಶನಕ್ಕೆ ಹೋಗಿದ್ದೆ. ನನ್ನ ಜೊತೆ ಎಂ.ಎ. ಓದಿದ ಗೆಳೆಯನೂ ಬಂದಿದ್ದ. ನನಗೆ ಪಾಠದ ಬಗ್ಗೆ ಮೂರು ಪ್ರಶ್ನೆ, ಮದುವೆಯ ಬಗ್ಗೆ ಎರಡು ಪ್ರಶ್ನೆ ಬಂದವು. ‘ಮನೆಯಲ್ಲಿ ನೋಡ್ತಿದ್ದಾರಾ ಅಮ್ಮಾ?’ ಎಂದು ಹಿರಿಯರೊಬ್ಬರು ನಿಜಕ್ಕೂ ಪ್ರೀತಿಯಿಂದಲೇ ಕೇಳಿದರು. ‘ತಪ್ಪು ತಿಳ್ಕೋಬೇಡಿ, ಸೆಮಿಸ್ಟರ್ ನಡುವೆ ಬಿಟ್ಟು ಹೋದರೆ ಮಕ್ಕಳಿಗೆ ತೊಂದರೆ ಆಗುತ್ತಲ್ಲ, ಅದಕ್ಕೆ ಕೇಳಿದೆ’ ಎಂದು ಸೇರಿಸಿದರು. ಗೆಳೆಯನಿಗೆ ಆ ಪ್ರಶ್ನೆ ಬರಲಿಲ್ಲ. ಅವನ ಮದುವೆ ಆಗಲೇ ನಿಶ್ಚಯವಾಗಿತ್ತು. ಕೆಲಸ ನಮ್ಮಿಬ್ಬರಿಗೂ ಸಿಗಲಿಲ್ಲ, ಹಾಗಾಗಿ ಅನ್ಯಾಯವಾಯಿತು ಎಂದು ಹೇಳಿಕೊಳ್ಳುವ ಅವಕಾಶವೂ ನನಗಿಲ್ಲ. ಆದರೆ ಆ ಹಿರಿಯರ ಕಾರಣ ನನ್ನ ತಲೆಯಲ್ಲಿ ಉಳಿಯಿತು. ಅವರು ಸುಳ್ಳು ಹೇಳುತ್ತಿರಲಿಲ್ಲ. ಮದುವೆಯಾಗಿ ಗಂಡನ ಊರಿಗೆ ಹೋಗಿ ಕೆಲಸ ಬಿಡುವ ಉಪನ್ಯಾಸಕಿಯರು ಇದ್ದಾರೆ. ಹಾಗೆ ಬಿಡುವ ಉಪನ್ಯಾಸಕರನ್ನು ಹುಡುಕಬೇಕು. ಅಂದರೆ ಅವರ ಕಾರಣ ಅನುಭವದಿಂದ ಬಂದದ್ದು, ಒಂದು ಮಟ್ಟಿಗೆ ನಿಜವೂ ಹೌದು.

ಇಲ್ಲೇ ಅಸಲಿ ನೈತಿಕ ಪ್ರಶ್ನೆ ಇರುವುದು. ಮನೆಗೆಲಸ, ಮಕ್ಕಳು, ಅತ್ತೆಮಾವಂದಿರ ಆರೈಕೆ ಇವುಗಳ ಭಾರವನ್ನು ಹೆಣ್ಣಿನ ಮೇಲೆ ಹಾಕಿದ್ದು ಕೆಲಸ ಕೊಡುವವನಲ್ಲ, ಸಮಾಜ. ತಾನು ಮಾಡದ ಅನ್ಯಾಯದ ಖರ್ಚನ್ನು ಅವನೇಕೆ ಹೊರಬೇಕು? ಅವನು ನೋಡುವುದು ಲೆಕ್ಕ. ಲೆಕ್ಕಕ್ಕೆ ಲಿಂಗವಿಲ್ಲ ಎಂದು ಅವನು ವಾದಿಸಬಹುದು. ಈ ವಾದವನ್ನು ಸುಲಭಕ್ಕೆ ತಳ್ಳಿಹಾಕುವುದು ನನಗೆ ಇಷ್ಟವಿಲ್ಲ. ನಾಲ್ಕು ಜನರನ್ನು ಇಟ್ಟುಕೊಂಡು ಜೆರಾಕ್ಸ್ ಅಂಗಡಿಯನ್ನೋ ಟೈಲರಿಂಗ್ ಅಂಗಡಿಯನ್ನೋ ನಡೆಸುವವರಿಗೆ ಒಬ್ಬರು ಆರು ತಿಂಗಳು ಇಲ್ಲದಿದ್ದರೆ ನಿಜವಾಗಿಯೂ ಕಷ್ಟವಾಗುತ್ತದೆ.

ಆದರೂ ವಾದದಲ್ಲಿ ಒಂದು ಬಿರುಕಿದೆ. ಅನ್ಯಾಯವನ್ನು ಹುಟ್ಟುಹಾಕುವುದು ಒಂದು, ಅದನ್ನು ಕಾರಣವಾಗಿ ಬಳಸುವುದು ಇನ್ನೊಂದು ಎಂಬುದು ನಿಜ. ಆದರೆ ಬಳಸಿದ ಕ್ಷಣದಲ್ಲಿ ನಾವು ಅದನ್ನು ಮುಂದುವರಿಸುತ್ತೇವೆ. ಹೆಣ್ಣು ಮಕ್ಕಳು ಕೆಲಸ ಬಿಡುತ್ತಾರೆ ಎಂದು ಕಡಿಮೆ ಸಂಬಳದ, ಬಡ್ತಿಯಿಲ್ಲದ ಕೆಲಸ ಕೊಡುತ್ತೇವೆ. ಮನೆಯಲ್ಲಿ ಯಾರಾದರೊಬ್ಬರು ಕೆಲಸ ಬಿಡಬೇಕಾಗಿ ಬಂದಾಗ ಕಡಿಮೆ ಸಂಬಳದವರು ಬಿಡುತ್ತಾರೆ. ಆಕೆ ಬಿಟ್ಟಾಗ ‘ನೋಡಿ, ನಾವು ಹೇಳಲಿಲ್ಲವೇ?’ ಎನ್ನುತ್ತೇವೆ. ಕಾರಣ ಕೊಟ್ಟವರೇ ಆ ಕಾರಣವನ್ನು ನಿಜ ಮಾಡುವ ಸುತ್ತು ಇದು. ಮಳೆ ಬರುತ್ತದೆ ಎಂದು ಕೊಡೆ ಹಿಡಿಯುವವನ ಲೆಕ್ಕಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಕೊಡೆ ಹಿಡಿದ ಮಾತ್ರಕ್ಕೆ ಮಳೆ ಹೆಚ್ಚಾಗುವುದಿಲ್ಲ. ಹೆಣ್ಣಿಗೆ ಕೆಲಸ ಕೊಡದ ಲೆಕ್ಕ ಮಾತ್ರ ತಾನು ಅಳೆಯುವ ವಸ್ತುವನ್ನೇ ಬದಲಿಸುತ್ತದೆ. ಇಂಥ ಲೆಕ್ಕ ಹಾಕುವವರು ಬರೀ ಪ್ರೇಕ್ಷಕರಲ್ಲ.

ಅದಲುಬದಲಿನ ಪರೀಕ್ಷೆಯೂ ಎಲ್ಲ ಕಡೆ ನಡೆಯುವುದಿಲ್ಲ. ಗರ್ಭಿಣಿಯಾದ ಗಂಡಸಿನ ಜೊತೆ ಹೋಲಿಸೋಣ ಎನ್ನಲಾಗುವುದಿಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ದೇಹದಿಂದ ಬರುವ ವ್ಯತ್ಯಾಸದ ಖರ್ಚನ್ನು ಯಾರ ಮೇಲೆ ಹಾಕಿದ್ದೇವೆ? ಸಂವಿಧಾನದ 42ನೇ ವಿಧಿ ಹೆರಿಗೆಯ ಸೌಲಭ್ಯಕ್ಕೆ ವ್ಯವಸ್ಥೆ ಮಾಡುವ ಹೊಣೆಯನ್ನು ರಾಜ್ಯಕ್ಕೆ ವಹಿಸುತ್ತದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯನ್ನು 2017ರಲ್ಲಿ ತಿದ್ದಿ, ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದರು. ಬಹಳ ಒಳ್ಳೆಯ ಕೆಲಸ. ಆದರೆ ಆ ಸಂಬಳವನ್ನು ಆಕೆಯ ಮಾಲೀಕನೇ ಕೊಡಬೇಕು. ಅಂದರೆ ಎಲ್ಲರ ಹೊಣೆಯನ್ನು, ಮಹಿಳೆಯರಿಗೆ ಕೆಲಸ ಕೊಟ್ಟವರ ಮೇಲೆ ಮಾತ್ರ ಹಾಕಿದೆವು. ಕೊಡದವರಿಗೆ ಏನೂ ಖರ್ಚಿಲ್ಲ.

ನನ್ನ ಚಿಕ್ಕಮ್ಮ ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಈ ವಿಷಯ ಮಾತಾಡುವಾಗ ಅವರು ನನ್ನ ಅರ್ಧ ಅಧ್ಯಾಯವನ್ನು ಒಂದೇ ಮಾತಿನಲ್ಲಿ ಹೇಳಿಬಿಟ್ಟರು: ‘ನಮ್ಗೆ ಹೆರಿಗೆ ದುಡ್ಡು ಇಎಸ್‌ಐನೋರು ಕೊಡೋದು ಕಣೇ. ಕಂಪ್ನಿಯೋರೇ ಕೊಡ್ಬೇಕಾಗಿದ್ದಿದ್ರೆ ನಮ್ಮನ್ನ ಸೇರಿಸ್ಕೊಳ್ತಾನೇ ಇರ್ಲಿಲ್ಲ.’ ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳ ಇರುವವರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ಅಲ್ಲಿ ಮಾಲೀಕ ಸಂಬಳದ ಶೇ 3.25, ನೌಕರರು ಶೇ 0.75 ಕಟ್ಟುತ್ತಾರೆ. ಗಂಡಸಿನ ಸಂಬಳದ ಮೇಲೂ ಅಷ್ಟೇ, ಹೆಂಗಸಿನ ಸಂಬಳದ ಮೇಲೂ ಅಷ್ಟೇ. ಹೆರಿಗೆಯ ಹಣ ಆ ನಿಧಿಯಿಂದ ಬರುತ್ತದೆ. ಆದ್ದರಿಂದ ಹೆಂಗಸನ್ನು ಸೇರಿಸಿಕೊಂಡರೆ ಹೆರಿಗೆಯ ಸಂಬಳದ ಹೆಚ್ಚಿನ ಹೊರೆ ಮಾಲೀಕನ ಮೇಲೆ ಬೀಳುವುದಿಲ್ಲ. ಇಎಸ್‌ಐ ಕಚೇರಿಯ ಓಡಾಟ, ಗಾರ್ಮೆಂಟ್ಸ್ ಕೆಲಸದ ಕಷ್ಟ ಯಾವುದನ್ನೂ ನಾನು ಮರೆಯುತ್ತಿಲ್ಲ. ಆದರೆ ಹೊಣೆ ಹಂಚುವ ನ್ಯಾಯದ ದೃಷ್ಟಿಯಿಂದ, ಟೈಲರಿಗೆ ಇರುವ ಈ ವ್ಯವಸ್ಥೆ ಉಪನ್ಯಾಸಕಿಗೆ ಇರುವ ವ್ಯವಸ್ಥೆಗಿಂತ ಉತ್ತಮವಾದದ್ದು.

ಶಿಶುವಿಹಾರದ ನಿಯಮವನ್ನೂ ನೋಡಿ. 1948ರ ಕಾರ್ಖಾನೆಗಳ ಕಾಯ್ದೆ, 30ಕ್ಕಿಂತ ಹೆಚ್ಚು ‘ಮಹಿಳಾ’ ಕಾರ್ಮಿಕರಿದ್ದರೆ ಮಕ್ಕಳ ಕೋಣೆ ಇರಬೇಕು ಎಂದಿತ್ತು. 31ನೇ ಹೆಂಗಸನ್ನು ಸೇರಿಸಿಕೊಳ್ಳದಿರಲು ಕಾನೂನೇ ಕೊಟ್ಟ ಕಾರಣ ಅದು. 2017ರ ತಿದ್ದುಪಡಿ 50 ‘ನೌಕರರು’ ಇರುವ ಕಡೆ ಶಿಶುವಿಹಾರ ಇರಬೇಕು ಎಂದಿತು. ಎಣಿಸುವುದು ನೌಕರರನ್ನು. ಒಂದು ಪದ ಬದಲಾದರೆ ಮಗು ತಾಯಿಯೊಬ್ಬಳದೇ ಎಂಬ ಊಹೆಯೂ ಬದಲಾಗುತ್ತದೆ. 15ನೇ ವಿಧಿಯ ಮೂರನೇ ಉಪವಿಧಿ ಮಹಿಳೆಯರಿಗೆ ವಿಶೇಷ ಸೌಲಭ್ಯ ಕಲ್ಪಿಸಲು ರಾಜ್ಯಕ್ಕೆ ಅವಕಾಶ ಕೊಡುತ್ತದೆ. ಕರ್ನಾಟಕ ಸರ್ಕಾರ 2025ರಲ್ಲಿ ಒಪ್ಪಿಗೆ ಕೊಟ್ಟ ವರ್ಷಕ್ಕೆ 12 ದಿನಗಳ ಋತುಚಕ್ರ ರಜೆಯ ಬಗ್ಗೆ ನಮ್ಮ ಹಾಸ್ಟೆಲಿನಲ್ಲಿ ನಡೆದ ಜಗಳವೂ ಇದೇ ಆಗಿತ್ತು. ರಜೆ ಬೇಕೇ ಬೇಕು ಎಂದವರು ಮತ್ತು ಇದರಿಂದ ನಮಗೆ ಕೆಲಸವೇ ಸಿಗದಂತಾದೀತು ಎಂದವರು, ಇಬ್ಬರ ಮಾತಿನಲ್ಲೂ ಹುರುಳಿತ್ತು. ನನ್ನ ಮಟ್ಟಿಗೆ ಉತ್ತರ ರಜೆಯನ್ನು ಬಿಟ್ಟುಕೊಡುವುದಲ್ಲ, ಅದರ ಖರ್ಚನ್ನು ಎಲ್ಲರೂ ಹೊರುವ ದಾರಿ ಹುಡುಕುವುದು. ವಿಶೇಷ ಸೌಲಭ್ಯ ಹೆಣ್ಣಿಗೆ ಹೊರೆಯಾಗುವುದು, ಬಿಲ್ಲನ್ನೂ ಅವಳ ಹೆಸರಿಗೇ ಬರೆದಾಗ.

ಸೌಲಭ್ಯಕ್ಕೂ ಪಂಜರಕ್ಕೂ ಇರುವ ಗೆರೆಯನ್ನು 2007ರ ಅನುಜ್ ಗರ್ಗ್ ಪ್ರಕರಣ ಚೆನ್ನಾಗಿ ಎಳೆಯಿತು. ಸಾರ್ವಜನಿಕರು ಮದ್ಯ ಕುಡಿಯುವ ಜಾಗದಲ್ಲಿ ಮಹಿಳೆಯರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂದು 1914ರ ಪಂಜಾಬ್ ಅಬಕಾರಿ ಕಾಯ್ದೆ ಹೇಳುತ್ತಿತ್ತು, ದೆಹಲಿಗೂ ಅದೇ ಅನ್ವಯವಾಗುತ್ತಿತ್ತು. ಕಾರಣ ಅವರ ಸುರಕ್ಷತೆ. ಅಪಾಯ ಇದೆ ಎಂದಾದರೆ ಅಪಾಯವನ್ನು ತಡೆಯಬೇಕು, ಹೆಂಗಸರನ್ನು ಮನೆಗೆ ಕಳಿಸುವುದು ಪರಿಹಾರವಲ್ಲ ಎಂಬ ದಿಕ್ಕಿನಲ್ಲಿ ಸುಪ್ರೀಂ ಕೋರ್ಟು ಆ ನಿಷೇಧವನ್ನು ತೆಗೆದುಹಾಕಿತು. ಕುಡಿದು ಮೈಮೇಲೆ ಬೀಳುವವನು ಒಬ್ಬ, ಕೆಲಸ ಕಳೆದುಕೊಳ್ಳುವವಳು ಇನ್ನೊಬ್ಬಳು ಎಂಬ ವ್ಯವಸ್ಥೆಗೆ ರಕ್ಷಣೆ ಎಂಬ ಹೆಸರು ಒಪ್ಪುವುದಿಲ್ಲ.

ಸೇನೆಯ ಪ್ರಕರಣ ಬಂದಾಗ ಈ ಮಾತು ಇನ್ನಷ್ಟು ಸ್ಪಷ್ಟವಾಯಿತು. ಮಹಿಳಾ ಅಧಿಕಾರಿಗಳಿಗೆ ಕಾಯಂ ನೇಮಕಾತಿ ಕೊಡುವ ವಿಷಯದಲ್ಲಿ ಸರ್ಕಾರ ಮುಂದಿಟ್ಟ ವಾದಗಳಲ್ಲಿ ಒಂದು, ಸೈನಿಕರು ಹೆಚ್ಚಾಗಿ ಗ್ರಾಮೀಣ ಹಿನ್ನೆಲೆಯವರು, ಹೆಣ್ಣಿನ ಆಜ್ಞೆ ಪಾಲಿಸಲು ಅವರ ಮನಸ್ಸು ಇನ್ನೂ ಸಿದ್ಧವಾಗಿಲ್ಲ ಎಂಬುದು. ಅಂದರೆ ಒಬ್ಬರ ಪೂರ್ವಗ್ರಹ ಇನ್ನೊಬ್ಬರ ಅನರ್ಹತೆಯಾಗಬೇಕು. 2020ರ ಬಬಿತಾ ಪುನಿಯಾ ತೀರ್ಪು ಇದನ್ನು ಒಪ್ಪಲಿಲ್ಲ. ಮರುವರ್ಷ ನಿತಿಷಾ ಪ್ರಕರಣದಲ್ಲಿ ಕೋರ್ಟು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಗಂಡಸರನ್ನು ಚಿಕ್ಕ ವಯಸ್ಸಿನಲ್ಲಿ ಅಳೆದ ದೈಹಿಕ ಮಾನದಂಡದಿಂದಲೇ, ಎಷ್ಟೋ ವರ್ಷ ತಡವಾಗಿ ಅವಕಾಶ ಸಿಕ್ಕ ಮಹಿಳೆಯರನ್ನು ಅಳೆಯುವುದು ಪರೋಕ್ಷ ತಾರತಮ್ಯ ಎಂದಿತು. ಅಳತೆಗೋಲು ಒಂದೇ ಎಂಬ ಮಾತ್ರಕ್ಕೆ ಅಳತೆ ನ್ಯಾಯವಾಗುವುದಿಲ್ಲ. ಅದಕ್ಕೂ ಮುಂಚೆ, 2018ರ ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರು ನರ್ಗೇಶ್ ಮಿರ್ಜಾ ತೀರ್ಪಿನ ‘ಮಾತ್ರ’ದ ಓದನ್ನೇ ಪ್ರಶ್ನಿಸಿದ್ದರು. ಹೆಣ್ಣು ಹೀಗಿರಬೇಕು, ಗಂಡು ಹಾಗಿರಬೇಕು ಎಂಬ ಸಿದ್ಧಮಾದರಿಗಳ ಮೇಲೆ ನಿಂತ ಕಾರಣ ಕೂಡ ಲಿಂಗದ ಕಾರಣವೇ ಎಂಬುದು ಆ ವಾದದ ತಿರುಳು. 2024ರಲ್ಲಿ, ಮದುವೆಯಾದ ಕಾರಣಕ್ಕೆ 1988ರಲ್ಲಿ ಕೆಲಸ ಕಳೆದುಕೊಂಡ ಮಿಲಿಟರಿ ನರ್ಸಿಂಗ್ ಸೇವೆಯ ಅಧಿಕಾರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಲು ಸುಪ್ರೀಂ ಕೋರ್ಟು ಆದೇಶಿಸಿತು. ಮುತ್ತಮ್ಮ ಆಗ ಇರಲಿಲ್ಲ. ಅವರು 2009ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಹಾಗಾದರೆ ‘ಮಾತ್ರ’ದ ಸಮಸ್ಯೆ ಬಗೆಹರಿಯಿತೇ? ಪೂರ್ತಿ ಅಲ್ಲ. 16ನೇ ವಿಧಿ ಸರ್ಕಾರಿ ಉದ್ಯೋಗಕ್ಕೆ ಸಂಬಂಧಿಸಿದ್ದು. ಖಾಸಗಿ ಕಾಲೇಜಿನ ಸಂದರ್ಶನದ ಕೋಣೆಗೆ ಅದು ನೇರವಾಗಿ ಬರುವುದಿಲ್ಲ. ಅಲ್ಲಿಗೆ ಬರುವುದು 1976ರ ಸಮಾನ ವೇತನ ಕಾಯ್ದೆ ಮತ್ತು ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆ. ಸಂಬಳದಲ್ಲಿ ಮಾತ್ರವಲ್ಲ, ಅದೇ ಬಗೆಯ ಕೆಲಸದ ನೇಮಕಾತಿಯಲ್ಲೂ ಲಿಂಗ ತಾರತಮ್ಯ ಸಲ್ಲದು ಎಂದು ಅವು ಹೇಳುತ್ತವೆ. ಕುತೂಹಲದ ಸಂಗತಿಯೆಂದರೆ ಈ ತಾರತಮ್ಯ ನಿಷೇಧದಲ್ಲಿ ‘ಮಾತ್ರ’ ಎಂಬ ಪದವಿಲ್ಲ. ಸಂವಿಧಾನಕ್ಕಿಂತ ಕೆಳಗಿನ ಕಾನೂನು ಈ ಒಂದು ವಿಷಯದಲ್ಲಿ ಹೆಚ್ಚು ದೂರ ಹೋಗಿದೆ. ಆದರೆ ಕಾಗದದ ಮೇಲಿನ ಈ ಉದಾರತೆಗೆ ಸಾಕ್ಷಿ ಸಿಗುವುದು ಎಲ್ಲಿ? ಪ್ರೀತಿಯಿಂದ ಕೇಳಿದ ಪ್ರಶ್ನೆಗೆ ರಸೀದಿ ಇರುವುದಿಲ್ಲ. ಆಯ್ಕೆಯಾಗದ ಕಾರಣವನ್ನು ಯಾರೂ ಬರೆದು ಕೊಡುವುದಿಲ್ಲ.

ಹಾಗಾಗಿ ಕಾನೂನು ಮುಗಿದ ಕಡೆಯಿಂದ ನೀತಿಶಾಸ್ತ್ರದ ಕೆಲಸ ಶುರುವಾಗುತ್ತದೆ ಎಂದು ನನಗನ್ನಿಸುತ್ತದೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರು ವಿದ್ಯಾರ್ಥಿಗಳು. ಇನ್ನು ಹತ್ತು ವರ್ಷದಲ್ಲಿ ನಿಮ್ಮಲ್ಲಿ ಕೆಲವರು ಸಂದರ್ಶನದ ಮೇಜಿನ ಆಚೆ ಬದಿಯಲ್ಲಿ ಕೂತಿರುತ್ತೀರಿ. ಆಗ ನಿಮ್ಮ ಬಾಯಿಗೆ ಒಂದು ಕಾರಣ ಬರುತ್ತದೆ, ಅದು ಬಹುಶಃ ನಿಜವೂ ಆಗಿರುತ್ತದೆ. ಆ ಕಾರಣವನ್ನು ಪಕ್ಕದ ಕುರ್ಚಿಯಲ್ಲಿ ಕಾಯುತ್ತಿರುವ ಗಂಡು ಅಭ್ಯರ್ಥಿಗೂ ಹೇಳುತ್ತೀರಾ? ಅದು ನಿಜವಾಗಿದ್ದರೆ, ಅದನ್ನು ನಿಜ ಮಾಡಿದ್ದರಲ್ಲಿ ನಿಮ್ಮಂಥವರ ಪಾಲೆಷ್ಟು? ಅದರ ಖರ್ಚನ್ನು ಆಕೆಯೊಬ್ಬಳೇ ಹೊರಬೇಕೇ? ಈ ಮೂರು ಪ್ರಶ್ನೆ ಕೇಳಿಕೊಂಡ ಮೇಲೂ ಉಳಿಯುವ ಕಾರಣವಿದ್ದರೆ ಅದನ್ನು ಆಕೆಯ ಮುಖ ನೋಡಿ ಹೇಳಿ. ಹೇಳಲು ನಾಲಗೆ ತಡವರಿಸಿದರೆ, ಅದು ಇನ್ನೂ ‘ಬೇರೆ ಪರಿಗಣನೆ’ಯ ವೇಷದಲ್ಲೇ ಇದೆ ಎಂದು ತಿಳಿಯಿರಿ.